ಎಡಗಡೆ ಒಂದ್ಸಲ ಕೇಳಿಬಿಡು

ಮೇಲಿನ ಮನೆಯವರು ಕುರ್ಚಿ ಎಳೆದರು, ಕರ್ರ್ ಎಂದು, ಅಡುಗೆಮನೆಯ ಕಡೆಯಿಂದ ಕಿಟಕಿಯವರೆಗೆ, ಎಡ, ಎಂದೆ ನಾನು, ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ, ಎಡ ಎಂದು ಹೇಳುವುದು ನಾಲಿಗೆಗೆ ರೂಢಿಯಾಗಿಬಿಟ್ಟಿದೆ, ಕೇಳಿಸಿಕೊಳ್ಳುವವನು ಇಲ್ಲ ಎನ್ನುವುದು ನಾಲಿಗೆಗೆ ಇನ್ನೂ ತಿಳಿದಿಲ್ಲ — ನಿನ್ನೆಯವರೆಗೆ ಈ ಬೇಸಿನ್ನಿನ ಮುಂದೆ ಸಾಲು ನಿಂತಿತ್ತು, ಮಣ್ಣಿಗೆ ಬಂದವರು, ಉಳಿದುಕೊಂಡವರು, ತಮ್ಮ ತಮ್ಮ ಟವೆಲ್ ಮಡಚಿಕೊಂಡು ಹೋದರು, ಹೋಗುವಾಗ ಒಬ್ಬೊಬ್ಬರೂ ಧೈರ್ಯ ತಂದ್ಕೋ ಎಂದರು, ಮೂಲೆಯ ಅಂಗಡಿಯಿಂದ ತಂದುಕೊಳ್ಳುವ ಹಾಗೆ, ಒಂದು ಪೊಟ್ಟಣ ಧೈರ್ಯ — ಇವತ್ತು ಮಾಮೂಲಿ ದಿನ, ಕಸದ ಗಾಡಿ ಬಂದು ಹೋಯಿತು, ನೀರಿನ ಮೋಟಾರು ಶುರುವಾಯಿತು, ಕೆಳಗೆ, ಬಲಕ್ಕೆ, ಬಲದ್ದು ಹೇಳಬೇಕಾಗಿರಲಿಲ್ಲ, ಬಲ ಅವನಿಗೇ ಗೊತ್ತಾಗುತ್ತಿತ್ತು, ಅಥವಾ ಎಲ್ಲವೂ ಬಲವೇ ಆಗಿತ್ತು, ಒಂದೇ ಕಿವಿ ಇರುವವನಿಗೆ ಜಗತ್ತೆಲ್ಲ ಒಂದೇ ಕಡೆಯಿಂದ ಬರುತ್ತದೆ, ನಾನು ಎಡದಿಂದ ಕರೆದರೆ ಅವನು ಬಲಕ್ಕೆ ತಿರುಗುತ್ತಿದ್ದ, ಅಲ್ಲಿ ಗೋಡೆ ಇರುತ್ತಿತ್ತು, ಗೋಡೆಗೆ ಏನು ಎನ್ನುತ್ತಿದ್ದ, ನಾನು ನಗುತ್ತಿದ್ದೆ, ಅವನೂ.

ಅತ್ತೆ ಹಾಲಿನಲ್ಲಿ ಸೋಫಾದ ಅಂಚಿಗೆ ಕೂತಿದ್ದಾರೆ, ಬಸ್ಸಿಗೆ ಕಾಯುವವರ ಹಾಗೆ, ಎದುರಿನ ಟೀಪಾಯಿಯ ಮೇಲೆ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲ, ಅದರಲ್ಲಿ ಅವನ ಗಡಿಯಾರ, ಪರ್ಸು, ಹೆಡ್‌ಫೋನ್, ಆ ದರಿದ್ರದ್ದನ್ನ ಮನೆಯಿಂದ ಆಚೆ ಹಾಕು ತಾಯಿ, ನನ್ನ ಮಗನ್ನ ನುಂಗಿದ್ದು ಅದೇ, ಎನ್ನುತ್ತಾರೆ, ಅದು ನಮ್ಮದಲ್ಲ ಅತ್ತೆ, ಬೇಸಣ್ಣಂದು, ವಾಪಸ್ ಕೊಡಬೇಕು, ಯಾರದಾದ್ರೇನು, ಅದನ್ನ ಕಿವಿಗೆ ಸಿಕ್ಕಿಸ್ಕೊಂಡು ರಸ್ತೆ ದಾಟ್ತಾರಾ ಯಾರಾದ್ರೂ, ಆ ವ್ಯಾನಿನೋನು ಹಾರನ್ ಹೊಡೆದ್ನಂತೆ, ಹೊಡೆದೇ ಹೊಡೆದ್ನಂತೆ, ಬೀದಿಗೆಲ್ಲ ಕೇಳಿಸ್ತಂತೆ, ಇವನೊಬ್ಬನಿಗೆ ಕೇಳಿಸ್ಲಿಲ್ಲ. ಹೆಡ್‌ಫೋನ್ ಅವನ ಕೊರಳಲ್ಲಿತ್ತು, ಪೊಲೀಸರು ಕೊರಳು ಎಂದೇ ಬರೆದುಕೊಂಡರು, ಆದರೆ ಮನೆಗೆ ಬಂದವರ ಬಾಯಿಂದ ಬಾಯಿಗೆ ದಾಟುತ್ತ ದಾಟುತ್ತ ಅದು ಕೊರಳಿಂದ ಕಿವಿಗೆ ಏರಿತು, ಮಣ್ಣಿನ ದಿನ ಸಂಜೆಯ ಹೊತ್ತಿಗೆ ಅದರಲ್ಲಿ ಹಾಡೂ ಶುರುವಾಗಿತ್ತು, ಈಗಿನ ಹುಡುಗರು, ಎಂದರು ಯಾರೋ ದೊಡ್ಡವರು, ನಾನು ಖಾಲಿ ಲೋಟಗಳನ್ನು ಒಳಗೆ ಒಯ್ದೆ. ಕೇಳಿಸಿತ್ತು ಅತ್ತೆ, ಎನ್ನುತ್ತೇನೆ, ಮನಸ್ಸಿನಲ್ಲೇ. ಅವನಿಗೂ ಕೇಳಿಸಿತ್ತು. ಮೂಲೆಯಲ್ಲಿ ಬೀಗದಕೈ ಮಾಡಿಕೊಡುವವನು ನೋಡಿದ್ದಾನೆ, ಅವನೊಬ್ಬನೇ ನೋಡಿದ್ದು, ಕೇಳಿಸ್ತಮ್ಮಾ ಅವರಿಗೆ, ಕೇಳಿಸಿ ತಿರುಗಿದ್ರು ಕೂಡ, ಆದ್ರೆ ಆ ಕಡೆ ತಿರುಗಿಬಿಟ್ರು, ಏನೂ ಇಲ್ದಿರೋ ಕಡೆ, ಯಾಕೋ ಗೊತ್ತಿಲ್ಲ, ಎಂದ, ಕೈಯಲ್ಲಿ ಅರ್ಧ ಉಜ್ಜಿದ ಕೀಲಿ ಹಿಡಿದುಕೊಂಡು, ಗಾಬರಿಯಲ್ಲಿ ಹಾಗಾಗುತ್ತೆ ಬಿಡಪ್ಪಾ ಎಂದು ಪಕ್ಕದವರು ಅವನ ಮಾತನ್ನು ಅಲ್ಲಿಗೇ ಮುಗಿಸಿದರು, ನನ್ನಲ್ಲಿ ಅದು ಮುಗಿಯಲಿಲ್ಲ — ವ್ಯಾನು ಎಡದಿಂದ, ಅವನ ತಲೆ ಬಲಕ್ಕೆ.

ಫೋನು. ಬೇಸಣ್ಣ. ಬೇಸಣ್ಣನಿಗೆ ಆ ಹೆಸರಿಟ್ಟವನು ನನ್ನ ಗಂಡನೇ, ಯಾವ ಹಾಡು ಕೊಟ್ಟರೂ ಡ್ರಮ್ಮನ್ನೂ ಬೇಸನ್ನೂ ಎತ್ತಿ ಎತ್ತಿ ಕಿಟಕಿ ಗಾಜು ಅಲ್ಲಾಡುವ ಹಾಗೆ ಮಾಡುತ್ತಾನೆಂದು, ಇಬ್ಬರೂ ಒಂದೇ ಕಸುಬಿನವರು, ಹಾಡುಗಳನ್ನು ಮಿಕ್ಸ್ ಮಾಡುವವರು, ದನಿ ವಾದ್ಯ ಎಲ್ಲವನ್ನೂ ಹದವಾಗಿ ಬೆರೆಸುವವರು, ಒಬ್ಬರಿಗೊಬ್ಬರು ಗಿರಾಕಿ ದಾಟಿಸುವವರು, ಒಬ್ಬರ ಕೆಲಸವನ್ನು ಒಬ್ಬರು ಬೈಯುವವರು — ಹೇಗಿದೀಯಮ್ಮಾ ಎನ್ನಲು ಬಾಯಿ ತೆರೆದು ಕೆಮ್ಮಿದ, ಮಣ್ಣಿನ ದಿನ ಮೆಟ್ಟಿಲ ಮೇಲೆ ಕೂತು ಮಕ್ಕಳ ಹಾಗೆ ಮೂಗೊರೆಸಿಕೊಳ್ಳುತ್ತಿದ್ದ, ನಾನು ಅದನ್ನ ಕೊಡ್ದೇ ಇದ್ದಿದ್ರೆ, ನಾನು ಅದನ್ನ ಕೊಡ್ದೇ ಇದ್ದಿದ್ರೆ, ಅಷ್ಟೇ, ಬೇರೆ ಮಾತಿಲ್ಲ, ಹೆಡ್‌ಫೋನ್ ಅವನದು, ಅವನು ಕೊಟ್ಟದ್ದು, ಅದರಿಂದ ಹೋದ ಎಂದು ಅವನೂ ನಂಬಿದ್ದಾನೆ, ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದಾನೆ. ಆ ಹಾಡು ಅರ್ಧ ನಿಂತಿದೆಯಲ್ಲಮ್ಮಾ, ಹಾಡಿದೋಳು ಫೋನ್ ಮಾಡಿದ್ಲು, ಆತುರ ಇಲ್ಲ ಅಂದ್ಲು, ಆದ್ರೂ, ನೀನು ಹಾರ್ಡ್ ಡಿಸ್ಕ್ ಕೊಟ್ಟುಬಿಡು, ನಾನೇ ಮುಗಿಸಿಕೊಡ್ತೀನಿ, ಹೆಸರು ಅವನದ್ದೇ ಹಾಕ್ಸೋಣ, ನಾನೇ ಬರ್ಲಾ, ಬೇಡ ಬೇಸಣ್ಣ, ನಾನೇ ಬರ್ತೀನಿ, ಮಧ್ಯಾಹ್ನ. ಫೋನಿಟ್ಟ ಮೇಲೆ ಹೊಳೆಯಿತು, ಬೇಸಣ್ಣ ಆ ಹಾಡನ್ನು ಬಿಚ್ಚುತ್ತಾನೆ, ಒಳಗಿನದೆಲ್ಲ ನೋಡುತ್ತಾನೆ, ಎಡಗಡೆಯನ್ನು ಕೇಳುತ್ತಾನೆ. ಆ ದಿನ ಬೆಳಿಗ್ಗೆ ನಾನು ಕಚೇರಿಗೆ ಹೊರಟಾಗ ಅವನು ಬಾಗಿಲಿಗೆ ಬಂದು ಹೇಳಿದ್ದ, ಸಂಜೆ ಎಡಗಡೆ ಒಂದ್ಸಲ ಕೇಳಿಬಿಡು, ಮುಗಿಸಿಬಿಡೋಣ. ಸಂಜೆ ನಾನು ಬೇರೆ ಕಡೆ ಇದ್ದೆ, ತಣ್ಣಗಿನ ಉದ್ದ ಓಣಿಯಲ್ಲಿ, ಒಬ್ಬ ನರ್ಸು ಪೆನ್ನು ಚಾಚಿ ಇಲ್ಲಿ ಸಹಿ ಮಾಡಿ ಎನ್ನುತ್ತಿದ್ದಳು. ಎಡಗಡೆಯನ್ನು ಯಾರೂ ಕೇಳಿಲ್ಲ.

ಅವನ ಕೋಣೆ, ಗೋಡೆಗೆ ಹೊದಿಸಿದ ಹಳೇ ರಜಾಯಿಗಳು, ಬಾಗಿಲು ಹಾಕಿದರೆ ಕಿವಿಗೆ ಹತ್ತಿ ತುರುಕಿದಂತೆ, ಎರಡು ಕುರ್ಚಿ, ಅವನದು ನಡುವೆ, ನನ್ನದು ಎಡಕ್ಕೆ ಒಂದು ಗೇಣು ಹಿಂದೆ — ನಿಮ್ಮನ್ನ ನೋಡಿದ್ರೆ ಫೋಟೋ ತೆಗೆಸ್ಕೊಳ್ಳೋಕೆ ಕೂತ ಹಾಗಿರತ್ತೆ, ಎನ್ನುತ್ತಿದ್ದ ಬೇಸಣ್ಣ, ಯಾವಾಗ್ಲೂ ಎಡಗಡೆನೇ ಅಂಟ್ಕೊಂಡಿರ್ತೀಯಲ್ಲಮ್ಮಾ, ಬಲಗಡೆ ಏನು ಬೇರೆ ಯಾರಿಗಾದ್ರೂ ಬಿಟ್ಟಿದೀಯಾ, ನನ್ನ ಗಂಡ ನಕ್ಕು ಬಿದ್ದುಹೋಗುತ್ತಿದ್ದ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು. ಮದುವೆಯಾದ ಮಾರನೇ ವರ್ಷ, ಒಂದು ಬೆಳಿಗ್ಗೆ ಇಲ್ಲೇ ಕೂತವನು ಎಡಗಡೆ ಸ್ಪೀಕರ್ ಹೋಯಿತು ಎಂದ, ಕೇಬಲ್ ಬದಲಾಯಿಸಿದ, ಸರಿಹೋಗಲಿಲ್ಲ, ಇನ್ನೊಂದು ಕೇಬಲ್ ತಂದ, ಎಡದ ಸ್ಪೀಕರನ್ನು ಬಲಕ್ಕೆ ಇಟ್ಟ, ಬಲದ್ದನ್ನು ಎಡಕ್ಕೆ, ಈಗ ಇದೂ ಹೋಯ್ತು ನೋಡು ಎಂದ, ಬೆಸುಗೆ ಹಾಕಿದ, ಡಬ್ಬಿ ಬಿಚ್ಚಿದ, ನೆಲದ ತುಂಬ ಹಾವುಗಳ ಹಾಗೆ ವೈರು, ಸ್ನಾನದಲ್ಲಿ ಕಿವಿಗೆ ಸ್ವಲ್ಪ ನೀರು ಹೋಗಿದೆ ಅಷ್ಟೇ ಎಂದು ನಡುವೆ ತಲೆ ವಾಲಿಸಿ ಕುಣಿದ, ಹೆಡ್‌ಫೋನ್ ಹಾಕಿ ನೋಡಿದ, ಅದರದ್ದೂ ಎಡಗಡೆ ಸತ್ತಿದೆ, ಕೊನೆಗೆ ಬೇಸಣ್ಣನ ಹತ್ತಿರ ಹೋಗಿ, ನಂದು ಎಡಗಡೆ ಹೋಗಿದೆ, ರಿಪೇರಿಗೆ ಕೊಡ್ತೀನಿ, ಅಲ್ಲೀವರೆಗೆ ನಿಂದು ಕೊಡು ಎಂದು ಕೇಳಿ ತಂದ, ಒಳ್ಳೆಯದು, ದುಬಾರಿಯದು, ಹಾಕಿಕೊಂಡ, ಬೇಸಣ್ಣಂದೂ ಹೋಗಿದೆ ಕಣೇ, ಎಂದ, ಆಮೇಲೆ ಹೆಡ್‌ಫೋನನ್ನು ತಲೆಯಿಂದ ತೆಗೆದು, ತಿರುವಿ, ಎಡದ ಬಟ್ಟಲು ಬಲಗಿವಿಗೆ ಬರುವ ಹಾಗೆ ಹಾಕಿಕೊಂಡ. ನಾನು ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಅವನ ಮುಖ ನೋಡಿ ತಟ್ಟೆಯನ್ನು ನೆಲಕ್ಕಿಟ್ಟೆ. ಇಷ್ಟು ದಿನ ಏನ್ಮಾಡ್ತಿದ್ರಿ, ಎಂದರು ಡಾಕ್ಟರು, ಕಿವಿ ಹೀಗೆ ಒಮ್ಮೆಲೇ ಹೋದ್ರೆ ಮೊದಲ ಕೆಲವು ದಿನಗಳೇ ಮುಖ್ಯ, ಆಗ ಬಂದಿದ್ರೆ ಔಷಧಿ ಕೊಟ್ಟು ನೋಡಬಹುದಿತ್ತು, ಕೇಬಲ್ ಬದಲಾಯಿಸ್ತಿದ್ದೆ ಸಾರ್, ಎಂದ ಇವನು. ಡಾಕ್ಟರು ತಮಾಷೆ ಎಂದುಕೊಂಡರು.

ಯಾರಿಗೂ ಹೇಳಬೇಡ, ಅಮ್ಮನಿಗೂ, ಬೇಸಣ್ಣನಿಗಂತೂ ಬೇಡವೇ ಬೇಡ, ಒಂದು ಕಿವಿಯ ಮಿಕ್ಸರಿಗೆ ಯಾರು ಹಾಡು ಕೊಡ್ತಾರೆ ಹೇಳು, ಒಂದು ಕೈಯ ಟೈಲರಿಗೆ ಬಟ್ಟೆ ಕೊಟ್ಟ ಹಾಗೆ, ಎಂದ. ಮಾತು ಕೊಟ್ಟೆ. ಅಂದಿನಿಂದ ನಾನು ಅವನ ಎಡಗಿವಿ, ಹಾಗೇ ಕರೆಯುತ್ತಿದ್ದ, ಏ ಎಡಗಿವಿ, ಗಿಟಾರ್ ಎಷ್ಟು ದೂರ ಹೋಗಿದೆ ಹೇಳು, ಬಾಗಿಲ ಹತ್ತಿರ, ಇನ್ನೂ ದೂರ ಕಳಿಸ್ಲಾ, ಬೇಡ ಅಲ್ಲೇ ಇರಲಿ. ಯೂನಿವರ್ಸಿಟಿಯಲ್ಲಿ ನಾನು ಓದಿದ್ದು ಭೂಗೋಳ, ನದಿಗಳು ದಿಕ್ಕು ಬದಲಿಸುವುದರ ಬಗ್ಗೆ, ಸಂಗೀತದ ಗಂಧಗಾಳಿ ಇಲ್ಲ, ಆದರೆ ಯಾವುದು ಎಲ್ಲಿದೆ ಎಂದು ಹೇಳಬಲ್ಲೆ. ಜಗಳವಾದರೆ ಎಡಕ್ಕೆ ನಿಂತು ಗೊಣಗುತ್ತಿದ್ದೆ, ಅವನು ಹಲ್ಲು ಕಿರಿಯುತ್ತಿದ್ದ, ಎಲ್ಲರ ಹಾಗೆ ಈ ಕಿವೀಲಿ ಕೇಳಿ ಆ ಕಿವೀಲಿ ಬಿಡೋಣ ಅಂದ್ರೆ ನನಗೆ ಆ ಬಾಗಿಲೇ ಇಲ್ವಲ್ಲೇ. ಬೇಸಣ್ಣನ ಹೆಡ್‌ಫೋನ್ ವಾಪಸ್ ಹೋಗಲಿಲ್ಲ, ಕೊಡಲು ಹೋದರೆ ಕೇಳುತ್ತಾನಲ್ಲ, ನಿಂದು ರಿಪೇರಿ ಆಯ್ತಾ, ಎಡಗಡೆ ಏನಾಗಿತ್ತು, ಆ ಒಂದು ಪ್ರಶ್ನೆಗೆ ಹೆದರಿ ಇಟ್ಟುಕೊಂಡ, ಆಮೇಲೆ ಅದು ಬೇರೆ ಕೆಲಸಕ್ಕೆ ಬಂತು, ಹೊರಗೆ ಹೋಗುವಾಗ ಕೊರಳಿಗೆ ಹಾಕಿಕೊಳ್ಳುತ್ತಿದ್ದ, ತಂತಿ ಜೇಬಿನೊಳಗೆ, ಜೇಬಿನಲ್ಲಿ ಏನೂ ಇಲ್ಲ, ಎಡದಿಂದ ಯಾರಾದರೂ ಮಾತಾಡಿಸಿ ಇವನು ಕೇಳಿಸಿಕೊಳ್ಳದೆ ಹೋದರೆ ಅದನ್ನು ಮುಟ್ಟಿ ತೋರಿಸುತ್ತಿದ್ದ, ಸಾರಿ ಸಾರ್, ಹಾಡು ಕೇಳ್ತಿದ್ದೆ, ಈಗಷ್ಟೇ ತೆಗೆದೆ. ನೆವ. ಸೊಕ್ಕು ಎಂದರು ಕೆಲವರು, ಕಿವುಡು ಎಂದು ಯಾರೂ ಅನ್ನಲಿಲ್ಲ. ಸತ್ತ ಮೇಲೂ ಆ ನೆವ ಕೆಲಸ ಮಾಡುತ್ತಿದೆ, ಎಷ್ಟು ಅಚ್ಚುಕಟ್ಟಾಗಿ, ಅವನ ತಾಯಿಯೇ ನಂಬುವ ಹಾಗೆ.

ಅವನ ಕುರ್ಚಿಯಲ್ಲಿ ಕೂತೆ. ಅದು ಒಂದು ಕಡೆ ವಾಲುತ್ತದೆಂದು ನನಗೆ ಗೊತ್ತೇ ಇರಲಿಲ್ಲ, ಪರದೆ ಹೊತ್ತಿಕೊಂಡಿತು, ಹಾಡು ಅವನು ಎದ್ದುಹೋದ ಜಾಗದಲ್ಲೇ ನಿಂತಿದೆ, ಒತ್ತಿದೆ, ಹಾಡುವವಳ ದನಿ ನಡುವಿನಿಂದ ಬಂತು, ಪ್ರತಿ ಸಾಲಿನ ಕೊನೆಗೆ ಸಾಕು ಎನ್ನುತ್ತಾಳೆ, ಆ ಸಾಕು ಮಾತ್ರ ಪ್ರತಿಧ್ವನಿ ಮಾಡುವ ಟೇಪ್ ಡಿಲೇಗೆ ಹೋಗುತ್ತದೆ, ಹಿಂದೆ ನಿಜವಾದ ಟೇಪು ಸುತ್ತುತ್ತಿತ್ತಂತೆ, ದನಿಯನ್ನು ಒಂದು ಕಡೆ ಬರೆದು ಒಂದು ಬೆರಳು ಮುಂದೆ ಓದಿದರೆ ಅದು ತಡವಾಗಿ ಇನ್ನೊಮ್ಮೆ ಕೇಳಿಸುತ್ತಿತ್ತಂತೆ, ಈಗ ಪರದೆಯ ಮೇಲೆ ಅದರ ಚಿತ್ರ, ಎರಡು ಚಕ್ರ ಸುಮ್ಮನೆ ತಿರುಗುತ್ತವೆ, ಎಡಕ್ಕೊಂದು ಗುಂಡಿ, ಬಲಕ್ಕೊಂದು ಗುಂಡಿ, ಎಷ್ಟು ಹೊತ್ತಿಗೆ ಪ್ರತಿಧ್ವನಿ ಬರಬೇಕೆಂದು, ಕೆಳಗೆ ಒಂದೊಂದು ಸಿಂಕ್, ಸಿಂಕ್ ಹಚ್ಚಿದರೆ ಅದು ಹಾಡಿನ ನಡಿಗೆಗೆ ಕಟ್ಟಿದ ಕರುವಿನ ಹಾಗೆ, ಹಾಡು ಓಡಿದರೆ ಓಡುತ್ತದೆ, ನಿಧಾನಿಸಿದರೆ ನಿಧಾನಿಸುತ್ತದೆ, ಆರಿಸಿದರೆ ಗಡಿಯಾರಕ್ಕೆ ಮಾತ್ರ ಲೆಕ್ಕ ಕೊಡುತ್ತದೆ, ಹಾಡು ಸತ್ತರೂ ಅದಕ್ಕೇನು. ಸಾಕು, ಎಂದಳು ಅವಳು, ಬಲದಲ್ಲಿ ಮುಕ್ಕಾಲು ಬೀಟಿಗೆ ಸಾಕು, ಎಡದಲ್ಲಿ ಸಾಕು, ಚೆನ್ನಾಗಿದೆ, ಮೊದಲಲ್ಲಿ ಚೆನ್ನಾಗಿಯೇ ಇದೆ, ಕೊನೆಗೆ ಹಾಡು ನಿಧಾನವಾಗತೊಡಗಿದಾಗ, ಬಲದ ಸಾಕು ಹಾಡಿನ ಜೊತೆ ಹೆಜ್ಜೆ ಹಿಂದಿಟ್ಟಿತು, ಎಡದ್ದು ಇಡಲಿಲ್ಲ, ಅವಸರದಲ್ಲಿ ಮೊದಲೇ ಬಂದು ಬಿತ್ತು, ತಾಳ ತಪ್ಪಿ, ಒಂದರ ಕಾಲಿಗೆ ಒಂದು ತೊಡರಿ — ನೋಡಿದೆ, ಎಡದ ಸಿಂಕ್ ಆರಿತ್ತು. ಮೌಸು ತಾಗಿ ಆರಿರಬೇಕು. ಬಲದಲ್ಲಿ ಆಗಿದ್ದರೆ ಆ ಕ್ಷಣವೇ ಹಿಡಿಯುತ್ತಿದ್ದ. ಬೇಸಣ್ಣ ಇದನ್ನು ಒಂದೇ ಸಲಕ್ಕೆ ಹಿಡಿಯುತ್ತಾನೆ, ಹಿಡಿದು, ಇದೊಂದು ತಪ್ಪು ಅವನು ಹೇಗೆ ಬಿಟ್ಟ ಎಂದು ಯೋಚಿಸುತ್ತಾನೆ, ಯೋಚಿಸುತ್ತ ಹಳೆಯ ಹಾಡುಗಳನ್ನು ತೆಗೆಯುತ್ತಾನೆ.

ಸಿಂಕ್ ಒತ್ತುವ ಮೊದಲು ಕೈ ನಿಂತಿತು. ಇದು ಅವನ ಕೊನೆಯ ತಪ್ಪು, ಇದಾದ ಮೇಲೆ ಅವನು ಮಾಡಿದ್ದು ಇನ್ನೊಂದೇ, ರಸ್ತೆಯಲ್ಲಿ, ಅದನ್ನು ತಿದ್ದಲು ಗುಂಡಿ ಇಲ್ಲ. ಒತ್ತಿದೆ. ಅಂಕಿಗಳು ಹಾರಿ ಅರ್ಧ ಬೀಟಿಗೆ ಬಂದು ಕೂತವು, ಕೈ ತಪ್ಪಿ ಪಕ್ಕದ ಲಿಂಕ್ ಕೂಡ ಒತ್ತಿಹೋಯಿತು, ಎಡ ಬಲ ಎರಡೂ ಒಂದೇ ಆಗಿಬಿಟ್ಟವು, ಪ್ರತಿಧ್ವನಿಯೆಲ್ಲ ಬಂದು ನೇರ ಹಣೆಗೆ ಅಂಟಿತು, ಅಗಲವೇ ಇಲ್ಲ, ಲಿಂಕ್ ಬಿಡಿಸಿದೆ, ಬಲವನ್ನು ಮತ್ತೆ ಮುಕ್ಕಾಲಿಗೆ ತಂದೆ, ವಿಡ್ತ್ ಎನ್ನುವ, ದನಿಯ ಅಗಲದ ಗುಂಡಿಯನ್ನು ಒಂದಿಷ್ಟೇ ತೆರೆದೆ, ಕೋಣೆ ಅಗಲವಾಯಿತು, ವಿಡ್ತ್ ನನಗೆ ಕಣ್ಣಲ್ಲಿ ಗೊತ್ತು, ಕಿವೀಲಿ ನಿನಗೆ ಗೊತ್ತು, ಇಬ್ಬರೂ ಸೇರಿದರೆ ಒಬ್ಬ ಮನುಷ್ಯ, ಎನ್ನುತ್ತಿದ್ದ. ಮೊದಲಿಂದ ಹಾಕಿದೆ. ಕೊನೆಯಲ್ಲಿ ಹಾಡು ನಿಧಾನವಾಯಿತು, ಎಡ ಬಲ ಎರಡೂ ಜೊತೆಯಲ್ಲೇ ನಿಧಾನವಾದವು, ಸಾಕು, ಸಾಕು, ಸಾಕು, ಎಲ್ಲೂ ತೊಡರದೆ ಆರಿಹೋದವು. ಅಳು ಬರಬೇಕಿತ್ತು. ಬರಲಿಲ್ಲ. ಉಳಿಸಿ ಹಾರ್ಡ್ ಡಿಸ್ಕಿಗೆ ಹಾಕಿದೆ. ಈಗ ಎಲ್ಲಿಯೂ ಗುರುತಿಲ್ಲ, ಮಾತು ಉಳಿಸಿಕೊಂಡೆ. ಹಾಲಿಗೆ ಬಂದು ಹೆಡ್‌ಫೋನ್ ಎತ್ತಿಕೊಂಡರೆ ಅತ್ತೆ ಮುಖ ತಿರುಗಿಸಿದರು, ಬಲಕ್ಕೋ ಎಡಕ್ಕೋ ನೋಡಲಿಲ್ಲ ನಾನು.

ಬೇಸಣ್ಣನ ಸ್ಟುಡಿಯೊ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲೆ, ಹೋಗುವ ದಾರಿ ಅದೇ ಮೂಲೆ, ಬೀಗದಕೈಯವನು ನನ್ನನ್ನು ನೋಡಿ ಸಾಣೆಕಲ್ಲು ನಿಲ್ಲಿಸಿ ಎದ್ದು ನಿಂತ, ನಾನು ಕಂಡೂ ಕಾಣದ ಹಾಗೆ ದಾಟಿದೆ, ಮೆಟ್ಟಿಲು, ಮಸಿಯ ವಾಸನೆ, ಬೇಸಣ್ಣ ಗಡ್ಡ ಬಿಟ್ಟಿದ್ದಾನೆ, ಬಾಮ್ಮಾ, ಕೂತ್ಕೋ, ನೀರು ಕೊಡ್ಲಾ, ಎನ್ನುತ್ತಲೇ ನನ್ನ ಕೈಯಲ್ಲಿದ್ದದ್ದನ್ನು ನೋಡಿದ, ಒಂದು ಹೆಜ್ಜೆ ಹಿಂದೆ ಹೋದ, ಅದನ್ನ ತರಬಾರದಿತ್ತು ನೀನು, ಎಸೆದುಬಿಡಬೇಕಿತ್ತು. ನಿಂದೇ ಅಲ್ವಾ ಬೇಸಣ್ಣ. ನಂದೇ ಕಣಮ್ಮಾ, ಅದೇ ಅಲ್ವಾ. ಡಿಸ್ಕ್ ಮಾತ್ರ ತೆಗೆದುಕೊಂಡ, ಮಾತು ತಪ್ಪಿಸಲು ಅದನ್ನು ಕೂಡಲೇ ಸಿಕ್ಕಿಸಿ ಹಾಡು ಹಚ್ಚಿದ, ಕಣ್ಣು ಮುಚ್ಚಿ ಕೂತ, ಸಾಕು, ಬಲದಿಂದ, ಸಾಕು, ಎಡದಿಂದ, ಎಡದಿಂದ ಬಂದಾಗ ಅವನ ತಲೆ ತಾನಾಗಿ ಎಡಕ್ಕೆ ಒಂದಿಷ್ಟು ತಿರುಗಿತು, ಎಷ್ಟು ಸುಲಭವಾಗಿ, ಎರಡು ಕಿವಿ ಇರುವ ಯಾರದ್ದಾದರೂ ತಿರುಗುವ ಹಾಗೆ. ಕೊನೆ ಬಂತು, ಎರಡೂ ಕಡೆ ಜೊತೆಯಲ್ಲೇ ಆರಿದವು. ಕೇಳಿದ್ಯಾ, ಎಂದ ಬೇಸಣ್ಣ, ಕಣ್ಣು ತೆರೆಯದೆ, ಹಾಡು ನಿಧಾನ ಆಗೋವಾಗ ಎರಡೂ ಕಡೆ ಹೇಗೆ ಕೈ ಹಿಡ್ಕೊಂಡ ಹಾಗೆ ಬರ್ತವೆ, ಇದಕ್ಕೆ ನಾನು ಕೈ ಹಾಕೋದೇ ಬೇಡ, ಎಂಥ ಕಿವಿ ಕಣಮ್ಮಾ ಅವನದು, ಇಂಥ ಕಿವಿ ಇದ್ದೋನಿಗೆ ಒಂದು ಹಾರನ್ ಕೇಳಿಸ್ಲಿಲ್ಲ ಅಂದ್ರೆ, ಎಂದು ಹೆಡ್‌ಫೋನಿನತ್ತ ಕೈ ತೋರಿಸಿದ, ನಾನು ಕೊಟ್ಟಿದ್ದಕ್ಕೆ ತಾನೇ, ನಾನೇ ಕೊಂದೆ. ಆಗ ತಿಳಿಯಿತು, ಬೆಳಿಗ್ಗೆಯಿಂದ ನಾನು ತಿದ್ದಿದ್ದು ಏನನ್ನು ಎಂದು, ನಾನು ಒತ್ತಿದ ಗುಂಡಿಯೇ ಬೇಸಣ್ಣನ ಕುತ್ತಿಗೆಗೆ ಬಿಗಿಯಿತು, ಸತ್ತವನ ಮಾನ ಉಳಿಯಿತು, ಇವನು ಇನ್ನು ಸಾಯುವವರೆಗೆ ಹೀಗೇ ಕೂತಿರುತ್ತಾನೆ, ಯಾರಿಗೂ ಹೇಳಬೇಡ, ಬೇಸಣ್ಣನಿಗಂತೂ, ಕೆಳಗೆ ಪ್ರೆಸ್ಸು ಧಡ್ ಧಡ್ ಎನ್ನುತ್ತಿತ್ತು. ಅವನದು ರಿಪೇರಿ ಆಗಲೇ ಇಲ್ವಾ ಅಮ್ಮಾ, ಎಂದ ಬೇಸಣ್ಣ, ಸಣ್ಣ ದನಿಯಲ್ಲಿ, ಎಡಗಡೆ ಹೋಗಿದೆ ಅಂದಿದ್ದ, ಅದೊಂದು ರಿಪೇರಿ ಆಗಿದ್ರೆ ನಂದು ಯಾವತ್ತೋ ವಾಪಸ್ ಬಂದಿರ್ತಿತ್ತಲ್ಲ.

ಅವನ ಹೆಡ್‌ಫೋನ್ ಕೆಟ್ಟಿರಲೇ ಇಲ್ಲ, ಬೇಸಣ್ಣ.

ಎಂದೆ, ಅಷ್ಟೇ ಎಂದೆ, ನನ್ನ ದನಿ ನನಗೇ ದೂರದಿಂದ ಬಂತು, ಬೇಸಣ್ಣನ ಕಣ್ಣು ಎಡಗಡೆ ಸ್ಪೀಕರಿಗೆ ಹೋಯಿತು, ಅಲ್ಲಿಂದ ನನಗೆ ಬಂತು, ನಾನು ಅವನ ಎಡಕ್ಕೆ ನಿಂತಿದ್ದೆ, ಅವನ ಮುಖದಲ್ಲಿ ಒಂದೊಂದೇ ಹಾಡು, ಒಂದೊಂದೇ ಸಾರಿ ಸಾರ್, ನನ್ನ ಕುರ್ಚಿ, ತಾನು ಮಾಡಿದ ತಮಾಷೆ, ಎಲ್ಲ ಹಿಂದಕ್ಕೆ ಓಡುವುದು ನನಗೆ ಕಾಣುತ್ತಿತ್ತು, ಅಯ್ಯೋ ಎಂದ, ದನಿ ಇಲ್ಲದೆ, ತುಟಿಯಲ್ಲಿ ಮಾತ್ರ. ಹೆಡ್‌ಫೋನ್ ಚಾಚಿದೆ. ಈ ಸಲ ತೆಗೆದುಕೊಂಡ, ಎರಡೂ ಕೈಯಲ್ಲಿ. ಹಾಗಾದ್ರೆ ಹಾರನ್ನು, ಎಂದ, ಕೇಳಿಸ್ತು ಬೇಸಣ್ಣ, ಕೇಳಿಸಿತು, ಅವನು ತಿರುಗಿದ, ಎಂದೆ, ನನ್ನ ಖಾಲಿ ಕೈ ಹಾಗೇ ಚಾಚಿಕೊಂಡೇ ಇದೆ, ಅವನು ತಿರುಗಿದ, ಬೆಳಗಿನ ರಸ್ತೆ, ಬಿಸಿಲು, ಬಲಕ್ಕೆ ಯಾರೂ ಇಲ್ಲ, ಬಲಕ್ಕೆ ಏನೂ ಬರುತ್ತಿಲ್ಲ, ಅವನು ಅದನ್ನೇ ನೋಡುತ್ತಿದ್ದಾನೆ, ಬಲಕ್ಕೆ, ಖಾಲಿ ರಸ್ತೆ, ಅವನ ತಲೆ ಬಲಕ್ಕೆ —